ಕಡಲಾಚೆಯ ಚಿನ್ನ

"ಗುರುಗಳೇ, ಜರ್ಮನಿಯಲ್ಲಿ ನಾಜಿಗಳು ಮೇಲೆ ಬಂದದ್ದು ಹೊರದೇಶದ ಬ್ಯಾಂಕಿನವರು ಗುಟ್ಟಾಗಿ ಕೊಟ್ಟ ಹಣದಿಂದ ಎನ್ನುತ್ತಾರೆ. ಇದು ನಿಜವೇ?"

ಕೇಳಿದವನು ಅಡವೀಶ. ಅವನು ಮಠಕ್ಕೆ ಸೇರಿ ಎರಡು ವರ್ಷವಾಗಿತ್ತು. ಪೇಟೆಯಲ್ಲಿ ಯಾರೋ ಕೊಟ್ಟ ಸಣ್ಣ ಪುಸ್ತಕವೊಂದನ್ನು ಹಿಂದಿನ ದಿನ ಒಂದೇ ಸಲಕ್ಕೆ ಓದಿ ಮುಗಿಸಿದ್ದ. ಕೇಳುವಾಗ ಅವನ ಮುಖ ಅರಳಿತ್ತು.

ಗುರುಗಳು ಹೇಳಿದರು: "ಆ ಮಾತು ಹಳೆಯದು. ತಿಳಿದವರು ಅದರ ಮೇಲೆ ಬಹಳ ಕಾಲ ವಾದ ಮಾಡಿದ್ದಾರೆ. ಹೆಚ್ಚಿನವರು ಒಪ್ಪಿಲ್ಲ. ನಾನು ಆ ದೇಶ ಕಂಡವನಲ್ಲ. ನನಗೆ ಗೊತ್ತಿರುವುದು ಒಬ್ಬ ಗಾಣಿಗನ ಕತೆ. ಕೇಳು."

ನದಿಯ ದಡದಲ್ಲಿ ಒಂದು ಊರಿತ್ತು. ಆ ನಾಡಿನ ರಾಜ ದೊಡ್ಡದೊಂದು ಯುದ್ಧ ಮಾಡಿ ಸೋತ. ಗೆದ್ದವರು ಕಪ್ಪ ಹೊರಿಸಿದರು. ಊರಿನ ಮಗ್ಗಗಳು ನಿಂತವು. ಜೋಳಕ್ಕೆ ಬೆಳಿಗ್ಗೆ ಒಂದು ಬೆಲೆ, ಸಂಜೆಗೆ ಇನ್ನೊಂದು ಬೆಲೆ. ಕೆಲಸವಿಲ್ಲದ ಗಂಡಸರು ಸಂತೆಕಟ್ಟೆಯ ಸುತ್ತ ದಿನವಿಡೀ ಕೂತಿರುತ್ತಿದ್ದರು.

ಆ ಕಟ್ಟೆಯ ಮೇಲೆ ನಿಂತು ಒಬ್ಬ ಸಿಪಾಯಿ ಮಾತಾಡುತ್ತಿದ್ದ. ದಂಡಿನಿಂದ ಬರಿಗೈಯಲ್ಲಿ ಮರಳಿದವನು. ಮೊದಮೊದಲು ಜನ ನಕ್ಕರು. ಅವನು ನಿಲ್ಲಿಸಲಿಲ್ಲ. ನಾವು ಯುದ್ಧದಲ್ಲಿ ಸೋಲಲಿಲ್ಲ, ನಮ್ಮೊಳಗಿನವರೇ ನಮ್ಮನ್ನು ಮಾರಿದರು ಎಂದ. ಆ ಒಳಗಿನವರು ಯಾರೆಂದು ಕೆಲವು ದಿನ ಹೇಳಲಿಲ್ಲ. ಕೊನೆಗೆ ಹೇಳಿದ. ಕೆಳಗಿನ ಕೇರಿಯ ಬಣ್ಣಗಾರರು.

ಬಣ್ಣಗಾರರು ಆರು ತಲೆಮಾರಿನಿಂದ ಆ ಊರಲ್ಲಿದ್ದರು. ಅವರ ದೇವರು ಬೇರೆ, ಹಬ್ಬಗಳು ಬೇರೆ. ಊರಿನ ಮದುವೆಗಳಿಗೆ ಅವರು ಅದ್ದಿಕೊಟ್ಟ ಬಟ್ಟೆಯೇ ಬೇಕಿತ್ತು. ಯುದ್ಧದಲ್ಲಿ ಅವರ ಕೇರಿಯ ಗಂಡಸರೂ ಸತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ನಗು ನಿಂತಿತು. ಜನ ಕೇಳತೊಡಗಿದರು.

ಕೇಳಿದವರಲ್ಲಿ ಗಾಣಿಗನೂ ಒಬ್ಬ. ಕೆಟ್ಟ ಮನುಷ್ಯನಲ್ಲ. ಅಳತೆಯಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ಅವನ ಒಬ್ಬನೇ ಮಗ ಆ ಯುದ್ಧದಲ್ಲಿ ಸತ್ತಿದ್ದ. ಹೆಣವೂ ಸಿಕ್ಕಿರಲಿಲ್ಲ. ಮಗ ಯಾಕೆ ಸತ್ತ ಎಂದು ಹೆಂಡತಿ ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ಆ ಪ್ರಶ್ನೆಗೆ ಸಿಪಾಯಿಯ ಬಳಿ ಉತ್ತರವಿತ್ತು. ಉತ್ತರ ಕೇಳಿದ ದಿನ ಗಾಣಿಗ ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಉಂಡ.

ಸಿಪಾಯಿಯ ಹಿಂದೆ ಹುಡುಗರು ಸೇರಿದರು. ಅವರಿಗೆ ಊಟ ಬೇಕಾಯಿತು. ಮನೆಮನೆಯಿಂದ ಹಿಡಿ ಹಿಡಿ ಹಿಟ್ಟು ಬಂತು. ಬಟ್ಟೆಯ ವ್ಯಾಪಾರಿ ಅಂಗಿಗಳನ್ನು ಹೊಲಿಸಿಕೊಟ್ಟ. ಬಣ್ಣಗಾರರ ಅಂಗಡಿಗಳು ಮುಚ್ಚಿದರೆ ತನಗೆ ಒಳ್ಳೆಯದೆಂದು ಅವನಿಗೆ ಗೊತ್ತಿತ್ತು. ಬಡಗಿ ದೊಣ್ಣೆಗಳನ್ನು ಕೊಟ್ಟ. ಒಂದು ದಿನ ಮೆರವಣಿಗೆಯ ಪಂಜುಗಳಿಗೆ ಎಣ್ಣೆ ಬೇಕೆಂದು ಗಾಣಿಗನ ಬಾಗಿಲಿಗೆ ಬಂದರು. ಅವನು ನಾಲ್ಕು ಕೊಡ ಹೊಂಗೆ ಎಣ್ಣೆ ಕೊಟ್ಟ. ಬೆಲೆ ಎಷ್ಟೆಂದು ಅವರು ಕೇಳಿದರು. ಮಗನ ಹೆಸರಿನಲ್ಲಿ ಕೊಟ್ಟದ್ದು, ಬೆಲೆ ಬೇಡ ಎಂದ.

ಮೆರವಣಿಗೆ ಹೊರಟದ್ದು ಮಧ್ಯಾಹ್ನ. ಬಿಸಿಲಿನಲ್ಲೇ ಪಂಜು ಹಚ್ಚಿದ್ದರು. ಗಾಣಿಗನ ಹೆಂಡತಿ ಅದನ್ನು ನೋಡಿ, ಹಗಲಲ್ಲಿ ಇವರಿಗೆ ಬೆಳಕು ಯಾಕೆ ಎಂದು ಕೇಳಿದಳು. ಮೆರವಣಿಗೆ ಕೆಳಗಿನ ಕೇರಿಗೆ ಇಳಿಯಿತು.

ಸ್ವಲ್ಪ ಹೊತ್ತಿನಲ್ಲಿ ಹೊಗೆ ಎದ್ದಿತು. ಗಾಳಿ ಇತ್ತಲೇ ಬೀಸುತ್ತಿತ್ತು. ಹೊಗೆಯಲ್ಲಿ ತನ್ನ ಎಣ್ಣೆಯ ವಾಸನೆ ಗಾಣಿಗನಿಗೆ ಗೊತ್ತಾಯಿತು. ಅವನು ಬಾಗಿಲು ಹಾಕಿಕೊಂಡು ಒಳಗೆ ಕೂತ. ಯಾರೋ ಬಂದು ಬಾಗಿಲು ಬಡಿದರು. ಬಹಳ ಹೊತ್ತು ಬಡಿದರು. ಅವನು ಏಳಲಿಲ್ಲ. ಹೆಂಡತಿ ಎದ್ದಳು. ಅವಳ ಕೈ ಹಿಡಿದು ಕೂರಿಸಿದ. ಮರುದಿನ ತಿಳಿಯಿತು, ಬಡಿದವನು ಬಣ್ಣಗಾರ ಹಾಲಪ್ಪ. ಗಾಣಿಗನ ಹೆಂಡತಿಯ ಮದುವೆಯ ಸೀರೆಗೆ ಬಣ್ಣ ಹಾಕಿದ್ದು ಅವನ ತಂದೆ. ಹಾಲಪ್ಪ ಹೊಳೆಯ ದಾರಿಯಲ್ಲಿ ಸತ್ತು ಬಿದ್ದಿದ್ದ. ಉಳಿದ ಬಣ್ಣಗಾರರು ಊರು ಬಿಟ್ಟರು.

ಸೋತ ರಾಜನಿಗೆ ತಡೆಯುವ ಬಲವಿರಲಿಲ್ಲ; ಆ ವರ್ಷವೇ ಸಿಪಾಯಿ ಊರಿನ ಗದ್ದುಗೆ ಹತ್ತಿದ. ಹನ್ನೊಂದು ವರ್ಷ ಆಳಿದ. ಮೊದಲ ವರ್ಷಗಳಲ್ಲಿ ಮಗ್ಗಗಳು ನಡೆದವು, ಜನ ಅವನ ಹೆಸರಿನಲ್ಲಿ ಹಾಡು ಕಟ್ಟಿದರು. ಆಮೇಲೆ ಅವನು ನೆರೆಯ ಊರುಗಳ ಮೇಲೆಲ್ಲ ದಂಡು ಕಟ್ಟಿಕೊಂಡು ಹೋದ. ಕೊನೆಗೆ ಆ ಊರುಗಳೆಲ್ಲ ಒಂದಾಗಿ ಬಂದವು. ಊರು ಸುಟ್ಟುಹೋಯಿತು. ಪ್ರತಿ ಮನೆಯಲ್ಲೂ ಹೆಣ ಬಿದ್ದಿತು. ಗಾಣಿಗನ ಹೆಂಡತಿಯೂ ಹೋದಳು. ಸಿಪಾಯಿ ತನ್ನ ಕೈಯಿಂದಲೇ ಸತ್ತ.

ಉಳಿದವರು ಬೂದಿಯಲ್ಲಿ ಗೋಡೆ ಎಬ್ಬಿಸತೊಡಗಿದರು. ಯಾರೂ ಹಿಂದಿನದನ್ನು ಮಾತಾಡುತ್ತಿರಲಿಲ್ಲ. ಮಕ್ಕಳು ಕೇಳಿದರೆ ಹೊಡೆಯುತ್ತಿದ್ದರು.

ಆಗ ಒಂದು ಓಲೆ ಊರಿಗೆ ಬಂತು. ಒಬ್ಬ ಅಲೆಮಾರಿ ವ್ಯಾಪಾರಿ ಅದರ ನಕಲುಗಳನ್ನು ಸಂತೆಯಲ್ಲಿ ಮಾರಿದ. ಕಡಲಾಚೆಯ ಲೇವಾದೇವಿಗಾರನೊಬ್ಬ ಬರೆದದ್ದು ಎಂದ. ನಾನು ಮೂರು ಸಲ ನಿಮ್ಮ ಸಿಪಾಯಿಯನ್ನು ಗುಟ್ಟಾಗಿ ಕಂಡೆ, ಮೂರು ಸಲ ಚಿನ್ನ ಕೊಟ್ಟೆ, ಆ ಚಿನ್ನದಿಂದಲೇ ಅವನು ಮೇಲೆ ಬಂದ ಎಂದು ಅದರಲ್ಲಿತ್ತು.

ಓಲೆ ಓದಿಸಿಕೊಂಡು ಜನ ಅತ್ತರು. ಬೀದಿಯಲ್ಲಿ ಒಬ್ಬರನ್ನೊಬ್ಬರು ನಿಲ್ಲಿಸಿ ಮಾತಾಡಿದರು. ಊರು ಸುಟ್ಟಂದಿನಿಂದ ತಲೆ ತಗ್ಗಿಸಿ ನಡೆದವರು ತಲೆ ಎತ್ತಿದರು. ಗಾಣಿಗ ಒಂದು ನಕಲು ಕೊಂಡು ಎದೆಯ ಹತ್ತಿರ ಇಟ್ಟುಕೊಂಡ. ಹಾಲಪ್ಪ ಬಾಗಿಲು ಬಡಿದ ಸದ್ದು ಆ ವಾರ ಅವನಿಗೆ ಕೇಳಿಸಲಿಲ್ಲ.

ಊರ ಗೌಡ ಸಭೆ ಕರೆದ. ಓಲೆಯ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿ ಸಂತೆಕಟ್ಟೆಯಲ್ಲಿ ನಿಲ್ಲಿಸೋಣ ಎಂದ. ಅದಕ್ಕೆ ಮೊದಲು ಒಬ್ಬರು ಬಂದರಿಗೆ ಹೋಗಿ ವಿಚಾರಿಸಿ ಬರಲಿ, ನಾಳೆ ಯಾರೂ ಕೊಂಕು ತೆಗೆಯಬಾರದು ಎಂದ. ಎಣ್ಣೆ ಮಾರಲು ಬಂದರಿಗೆ ಹೋಗಿ ಅಲ್ಲಿನ ಭಾಷೆ ಕಲಿತವನು ಗಾಣಿಗನೊಬ್ಬನೇ. ಅವನು ತಾನಾಗಿ ಎದ್ದು ನಿಂತ. ಅವನಷ್ಟು ಆಸೆಯಿಂದ ಆ ದಾರಿ ಹಿಡಿದವರು ಇನ್ನೊಬ್ಬರಿರಲಿಲ್ಲ.

ಬಂದರಿನಲ್ಲಿ ಅವನು ಹದಿನೇಳು ದಿನ ಇದ್ದ. ಓಲೆಯಲ್ಲಿದ್ದ ಹೆಸರು ಹಿಡಿದು ಒಂದೊಂದೇ ಲೇವಾದೇವಿ ಕೋಠಿಯ ಬಾಗಿಲಿಗೆ ಹೋದ. ಆ ಹೆಸರಿನ ಲೇವಾದೇವಿಗಾರ ಅಲ್ಲಿ ಎಂದೂ ಇರಲಿಲ್ಲ. ಹಡಗಿನವರನ್ನು ಕೇಳಿದ. ಆಚೆಯ ದಡದಲ್ಲೂ ಅಂಥವನಿಲ್ಲ ಎಂದರು. ಸಿಪಾಯಿಯನ್ನು ಮೊದಲ ಸಲ ಕಂಡೆ ಎಂದು ಓಲೆ ಹೇಳಿದ ತಿಂಗಳಲ್ಲಿ, ಕಟ್ಟೆಯ ಮೇಲೆ ಕೂಗಾಡಿದ್ದಕ್ಕೆ ಸಿಪಾಯಿ ಸೆರೆಮನೆಯಲ್ಲಿದ್ದ. ಅದು ಗಾಣಿಗನಿಗೇ ನೆನಪಿತ್ತು. ಇಷ್ಟು ದಿನ ನೆನಪಿಸಿಕೊಂಡಿರಲಿಲ್ಲ.

ಅವನು ಅಷ್ಟಕ್ಕೆ ಬಿಡಲಿಲ್ಲ. ಬೇರೆ ಯಾರಾದರೂ ಕೊಟ್ಟಿರಬಹುದು ಎಂದು ಹುಡುಕಿದ. ಕಡಲಾಚೆಯ ಒಂದು ಕೋಠಿಯಲ್ಲಿ ನಲವತ್ತು ವರ್ಷ ಗುಮಾಸ್ತನಾಗಿದ್ದ ಮುದುಕ ಸಿಕ್ಕಿದ. ಮುದುಕ ಏನನ್ನೂ ಮುಚ್ಚಿಡಲಿಲ್ಲ.

"ಕೊಟ್ಟಿದ್ದೇವೆ. ಅವನು ಗದ್ದುಗೆ ಹತ್ತಿದ ಮೇಲೆ ಕೊಟ್ಟೆವು. ಗುಟ್ಟೇನಿಲ್ಲ, ಕಾಗದಪತ್ರ ಇದೆ. ಅವನು ಜನರನ್ನು ಓಡಿಸಿದ್ದು ನಮಗೆ ಗೊತ್ತಿತ್ತು. ಲಾಭವೂ ಗೊತ್ತಿತ್ತು."

"ಅದಕ್ಕೆ ಮೊದಲು?" ಎಂದು ಗಾಣಿಗ ಕೇಳಿದ. "ಅವನು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಾಗ?"

ಮುದುಕ ಅವನನ್ನು ಅಚ್ಚರಿಯಿಂದ ನೋಡಿದ. "ಆಗ ಅವನು ಯಾರೆಂದೇ ನಮಗೆ ತಿಳಿಯದಪ್ಪಾ. ನಿಮಗೆ ತಿಳಿದಿತ್ತು."

ಗಾಣಿಗ ಊರಿಗೆ ಹೊರಟ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ. ಲೇವಾದೇವಿಗಾರರು ಹಣ ಕೊಟ್ಟಿದ್ದು ನಿಜ ಎಂದಷ್ಟೇ ಹೇಳಬಹುದು. ಯಾವಾಗ ಎಂದು ಯಾರೂ ಕೇಳಲಿಕ್ಕಿಲ್ಲ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರುವುದಿಲ್ಲ. ದೋಣಿಯಲ್ಲಿ ಕೂತು ಆ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡ. ಊರು ಕಾಣುವ ಹೊತ್ತಿಗೆ ಅದು ಬಾಯಲ್ಲಿ ಸಲೀಸಾಗಿ ಕೂತಿತ್ತು.

ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಕಾದಿದ್ದಳು. ಹಾಲಪ್ಪನ ಹೆಂಡತಿ ತಿಪ್ಪವ್ವ. ಊರು ಬಿಟ್ಟ ಬಣ್ಣಗಾರರಲ್ಲಿ ಮರಳಿ ಬಂದವಳು ಅವಳೊಬ್ಬಳೇ. ಕೆಳಗಿನ ಕೇರಿಯಲ್ಲಿ ನಿಂತಿದ್ದ ಒಂದು ಗೋಡೆಗೆ ಹುಲ್ಲಿನ ಮಾಡು ಇಳಿಸಿಕೊಂಡು ಇದ್ದಳು. ಗಾಣಿಗ ಅವಳನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದ. ಈಗ ಹಿಡಿಯಲು ಬೀದಿ ಇರಲಿಲ್ಲ.

"ಅಣ್ಣಾ," ಎಂದಳು, "ನೀನು ವಿಚಾರಿಸಲು ಹೋಗಿದ್ದೆಯಂತೆ. ನನಗೆ ಒಂದೇ ಹೇಳು. ನಮ್ಮ ಕೇರಿಗೆ ಬೆಂಕಿ ಹಚ್ಚಿದ ಹುಡುಗರಿಗೆ ಚಿನ್ನ ಕೊಟ್ಟಿದ್ದರೇ? ಚಿನ್ನಕ್ಕಾಗಿ ಮಾಡಿದರು ಎಂದಾದರೆ ನನಗೆ ಒಂದಿಷ್ಟು ಸಮಾಧಾನ. ಅವರಿಗೆಲ್ಲ ನಾನು ಹಬ್ಬದಲ್ಲಿ ಸಿಹಿ ಹಂಚಿದವಳು."

ಗಾಣಿಗ ಬಾಯಿಪಾಠ ಮಾಡಿದ ವಾಕ್ಯ ಬರಲಿಲ್ಲ.

"ಇಲ್ಲ ತಂಗೀ," ಎಂದ. "ಯಾರೂ ಕೊಟ್ಟಿರಲಿಲ್ಲ. ಎಣ್ಣೆ ನನ್ನದು. ಬಾಗಿಲು ಬಡಿದದ್ದೂ ಕೇಳಿಸಿತ್ತು."

ತಿಪ್ಪವ್ವ ಜಗಲಿಗೆ ಕೈ ಊರಿ ಎದ್ದಳು. ಎರಡು ಹೆಜ್ಜೆ ಹೋಗಿ ಸೆರಗು ಸರಿಮಾಡಿಕೊಂಡಳು. ತಿರುಗಿ ನೋಡದೆ ಹೋದಳು. ಮೂರನೆಯ ದಿನ ಅವಳ ಮಾಡಿನ ಕೆಳಗೆ ಯಾರೂ ಇರಲಿಲ್ಲ. ಎಲ್ಲಿ ಹೋದಳೆಂದು ಊರಿಗೆ ತಿಳಿಯಲೇ ಇಲ್ಲ.

ಸಭೆಯಲ್ಲಿ ಗಾಣಿಗ ಎಲ್ಲವನ್ನೂ ಹೇಳಿದ. ಓಲೆ ಸುಳ್ಳು, ಬರೆದವನೆಂಬುವನೇ ಇಲ್ಲ. ಹೊರಗಿನ ಹಣ ಬಂದದ್ದು ಆಮೇಲೆ, ಅದರ ಪಾಪ ಅವರಿಗಿದೆ. ಮೊದಲು ಕೊಟ್ಟವರು ನಾವು. ನಾನು ನಾಲ್ಕು ಕೊಡ ಎಣ್ಣೆ ಕೊಟ್ಟೆ ಎಂದ. ಉಳಿದವರು ಏನು ಕೊಟ್ಟರೆಂದು ಅವನು ಹೇಳಲಿಲ್ಲ. ಅವರವರೇ ಹೇಳಲಿ ಎಂದು ಕಾದ.

ಯಾರೂ ಏಳಲಿಲ್ಲ. ಬಟ್ಟೆಯ ವ್ಯಾಪಾರಿ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಗೌಡ ಇಳಿದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

"ನೋಡಪ್ಪಾ, ನಿನ್ನ ಮಾತು ಖರೆ ಇರಬಹುದು. ಆದರೆ ಜನ ಬದುಕಬೇಕಲ್ಲ. ಮಕ್ಕಳ ಮುಖ ನೋಡಬೇಕಲ್ಲ. ಓಲೆ ಖರೆ ಅಂತ ಒಂದು ಮಾತು ಅಂದುಬಿಡು."

ಗಾಣಿಗ ಅನ್ನಲಿಲ್ಲ. ಹಿಂದಿನಿಂದ ಯಾರೋ, ಇವನೂ ಲೇವಾದೇವಿಗಾರರ ಚಿನ್ನ ತಿಂದು ಬಂದಿದ್ದಾನೆ ಎಂದು ಕೂಗಿದರು. ಸಭೆಗೆ ಜೀವ ಬಂತು.

ಕಲ್ಲು ನಿಂತಿತು. ಈ ಊರನ್ನು ಕೆಡಿಸಿದ್ದು ಕಡಲಾಚೆಯ ಚಿನ್ನ ಎಂದು ಅದರ ಮೇಲೆ ಕೆತ್ತಿದರು. ನಿಲ್ಲಿಸಿದ ದಿನ ಎಲ್ಲರೂ ಹೊಸ ಬಟ್ಟೆ ಉಟ್ಟು ಬಂದರು. ಹೊಳೆಯ ಬದಿಯಲ್ಲಿ ಕಡಲಾಚೆಯಿಂದ ಬಂದ ಒಬ್ಬ ಗಾಜಿನ ವ್ಯಾಪಾರಿ ಇದ್ದ. ಬಂದು ಮೂವತ್ತು ವರ್ಷವಾಗಿತ್ತು. ಸಿಪಾಯಿಯ ಕಾಲದಲ್ಲಿ ಅವನೂ ಊರಿನವರ ಜೊತೆಯಲ್ಲೇ ಹಸಿದಿದ್ದ. ಕಲ್ಲಿಗೆ ಹೂ ಹಾಕಿ ಜನ ನೇರವಾಗಿ ಅವನ ಅಂಗಡಿಗೆ ನಡೆದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಣಿಗ ಓಡಿಹೋಗಿ ಅಂಗಡಿಯ ಮುಂದೆ ಕೈ ಅಡ್ಡ ಹಿಡಿದು ನಿಂತ. ಅವನನ್ನು ಯಾರೂ ಹೊಡೆಯಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿಸಿದರು. ಇಬ್ಬರು ಅವನ ತೋಳು ಹಿಡಿದುಕೊಂಡರು. ಅವರಲ್ಲಿ ಒಬ್ಬ, ಕಾಕಾ, ನಿನಗೆ ಗಾಜು ಚುಚ್ಚೀತು, ಈಚೆ ಬಾ ಎಂದ. ವ್ಯಾಪಾರಿಯನ್ನೂ ಅವನ ಹೆಂಡತಿಯನ್ನೂ ದೋಣಿಗೆ ಹತ್ತಿಸಿ ನೂಕಿದರು. ದೋಣಿಗೆ ಹುಟ್ಟು ಕೊಡಲಿಲ್ಲ. ಮಳೆಗಾಲದ ಹೊಳೆ. ತಿರುವಿನ ತನಕ ಆ ಹೆಂಗಸಿನ ಕೂಗು ಕೇಳಿಸಿತು.

ಗಾಣಿಗ ಮತ್ತೆ ಒಂಬತ್ತು ವರ್ಷ ಬದುಕಿದ. ಅವನ ಎಣ್ಣೆಯನ್ನು ಯಾರೂ ಕೊಳ್ಳಲಿಲ್ಲ. ಗಾಣ ನಿಂತಿತು, ಎತ್ತನ್ನು ಮಾರಿದ. ಕೇಳಿದವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದ. ಕೇಳುವವರು ವರ್ಷಕ್ಕೊಬ್ಬರೋ ಇಬ್ಬರೋ ಬರುತ್ತಿದ್ದರು. ಕೊನೆಯ ಎರಡು ವರ್ಷ ಯಾರೂ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಡವೀಶ ಕತೆ ಇನ್ನೂ ಇದೆ ಎಂದುಕೊಂಡಿದ್ದ. ಆಮೇಲೆ ಕೇಳಿದ: "ಹಾಗಾದರೆ ಗುರುಗಳೇ, ನಾನು ಓದಿದ ಪುಸ್ತಕವೂ ಸುಳ್ಳೆಂದು ತಿಳಿಯಲೇ?"

"ಅದು ಸುಳ್ಳೋ ನಿಜವೋ ಹುಡುಕಿದರೆ ತಿಳಿಯುತ್ತದೆ. ಅಡವೀಶ, ಅದು ನಿಜವಾಗಿರಲಿ ಎಂದು ನೀನು ಆಸೆಪಟ್ಟದ್ದು ಯಾಕೆ?"