ದಪ್ಪು ನಿಲ್ಲಿಸಿದ ಸವಾಲು

ಪೂಜ್ಯ ಗುರುಪಾದ ಅಜ್ಜನವರ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡೇ ಅಂಕಣ. ಸಂಕ್ರಾಂತಿ ಕಳೆದ ಒಂದು ಮಧ್ಯಾಹ್ನ ಪೂಜ್ಯರು ದಾಸೋಹದ ಜೋಳ ಹಸನು ಮಾಡುತ್ತ ಕುಳಿತಿದ್ದರು. ಎದುರಿನ ಬಯಲಿನಲ್ಲಿ ಶಾಸಕ ರುದ್ರಗೌಡರ ಸಭೆ ನಡೆದಿತ್ತು.

ಶಾಸಕರು ಮಾತಿಗೆ ನಿಂತೊಡನೆ ಸವಾಲು-ಜವಾಬಿನ ಗೀಗೀ ಪದದ ಹಾಡುಗಾರ ಗದಿಗೆಪ್ಪ ದಪ್ಪು ಬಾರಿಸುತ್ತ ಕೂಗತೊಡಗಿದ: “ಪೂಲು ಎಲ್ಲೈತಿ?” ಹಿಂದಿನ ಮಳೆಗಾಲದಲ್ಲಿ ಸೇತುವೆಯಿಲ್ಲದ ಹಳ್ಳ ತುಂಬಿದಾಗ, ದವಾಖಾನೆಗೆ ದಾಟಿಸಲಾಗದೆ ಅವನ ಹೆಂಡತಿ ನೀಲವ್ವ ದಂಡೆಯಲ್ಲೇ ತೀರಿಕೊಂಡಿದ್ದಳು. ಈಗ ಮಗಳು ಬಸುರಿ. ಹೆರಿಗೆ ಮಳೆಗಾಲಕ್ಕೇ ಬರುವುದಿತ್ತು. ಪ್ರತಿ ಸಭೆಯಲ್ಲೂ ಅವನು ಹೀಗೆ ಬಾರಿಸುವನು. “ಇಂಥ ಗದ್ದಲದಾಗ ಹೆಂಗ ಮಾತಾಡೂದ್ರಿ” ಎಂದು ಶಾಸಕರು ಕಾರು ಹತ್ತುವರು. ಅಂದು ಕಾರ್ಯಕರ್ತರು ಬಡಿಗೆ ಹಿಡಿದು ಅವನನ್ನು ಸುತ್ತುವರಿದರು.

ಪೂಜ್ಯರು ಮೊರ ಕೆಳಗಿಟ್ಟು ಎದ್ದು ಬಂದರು. ಬಡಿಗೆಗಳು ಕೆಳಗಿಳಿದವು. ದಪ್ಪು ಮಾತ್ರ ನಿಲ್ಲಲಿಲ್ಲ.

“ನೀವೂ ಸುಮ್ಮನಿರು ಅನ್ನಾಕ ಬಂದೀರೇನ್ರಿ ಅಜ್ಜಾರ? ದೊಡ್ಡವರಿಗೆ ದೊಡ್ಡವರು ಜೋಡಿ,” ಎಂದ ಗದಿಗೆಪ್ಪ.

“ಪದದಾಗ ಎದುರಿನ ಮೇಳಕ್ಕ ಸವಾಲು ಹಾಕಿದ ಮ್ಯಾಲ ದಪ್ಪು ಏನ್ ಮಾಡ್ತೀಯಪಾ?” ಎಂದು ಪೂಜ್ಯರು ಕೇಳಿದರು.

“ನಿಲ್ಲಸ್ತೀನ್ರಿ.”

“ಯಾಕ?”

“ಜವಾಬು ಕೊಡದ ಮೇಳ ಸೋತಂಗ್ರಿ. ನಾವು ಬಾರಿಸಿದರ ಅವರಿಗೆ ನೆಪ ಸಿಗತೈತಿ…” ಹೇಳುತ್ತಿದ್ದಂತೆಯೇ ಗದಿಗೆಪ್ಪನ ಕೈ ನಿಂತಿತು.

ಅವನು ದಪ್ಪು ಕೆಳಗಿಟ್ಟ. “ಸಾಹೇಬ್ರ, ಪೂಲು ಯಾಕ ಆಗವಲ್ದು?” ಎಂದು ಒಮ್ಮೆ ಕೇಳಿ ಕುಳಿತ. ಪೂಜ್ಯರೂ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

ಶಾಸಕರು ನಾಡಿನ ಅಭಿವೃದ್ಧಿಯ ಬಗ್ಗೆ ಮಾತಾಡಿದರು. ಯಾರೂ ಕೂಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ.

“ಗೌಡ್ರ, ಇದು ಬ್ಯಾರೆ ಪದ ಆತು,” ಎಂದರು ಪೂಜ್ಯರು. “ಅಂವ ಕೇಳಿದ್ದಕ್ಕ ಜವಾಬು ಹೇಳ್ರಿ.”

ಸಭೆ ಕಾಯಿತು. ಕಾರು ಹತ್ತಲು ಶಾಸಕರಿಗೆ ನೆಪವಿರಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು: “ಪೂಲು ಮಂಜೂರಾಗೈತ್ರಿ ಅಜ್ಜಾರ. ದಂಡೀ ಹೊಲದ ತಕರಾರಿಗೆ ನಿಂತೈತಿ. ಹೊಲ ನಮ್ಮ ಅಣ್ಣಂದು. ನಾನ ಬಿಡಿಸಿಕೊಡ್ತೀನಿ.”

ಹೆಂಡತಿ ಹೋದಂದಿನಿಂದ ಅತ್ತಿರದ ಗದಿಗೆಪ್ಪ ಪೂಜ್ಯರ ಪಾದದ ಮೇಲೆ ತಲೆಯಿಟ್ಟು ಅತ್ತ. ಪೂಜ್ಯರು ಅವನನ್ನು ಎಬ್ಬಿಸಲಿಲ್ಲ. ಅಳು ಮುಗಿಯುವವರೆಗೂ ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತಿದ್ದರು.

ಮುಂದೆ ಯಾವ ಪಕ್ಷದವರ ಸಭೆಯಾದರೂ ಗದಿಗೆಪ್ಪ ಮೊದಲ ಸಾಲಿನಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳುತ್ತಿದ್ದ. ಉತ್ತರ ಬರುವತನಕ ಏಳುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಹಳ್ಳ ದಂಡೆ ಮೀರಿ ಹರಿಯಿತು. ಅವನು ಮಗಳನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಹೊಸ ಪೂಲಿನ ಮೇಲೆ ದಾಟಿದ. ಕೆಳಗಿನ ನೀರನ್ನು ಒಮ್ಮೆ ನೋಡಿ, ಮಗಳ ಸೆರಗು ಸರಿಪಡಿಸಿದ.