ಕಾಗೆಯ ಕೂಗಿಗೆ ಗೊರವಂಕದ ಅರ್ಥ

ಹಿಮಾಲಯದಾಚೆಯಿಂದ ಕೆರೆಗೆ ಬಂದಿಳಿದ ಹೆಬ್ಬಾತಿಗೆ, ಎರಡೂ ನುಡಿ ಬಲ್ಲ ಗೊರವಂಕ ದುಭಾಷಿಯಾಯಿತು. ದಡದಲ್ಲಿ ಅನ್ನ ಕಂಡ ಕಾಗೆಯೊಂದು ಕೊಕ್ಕು ಹಾಕುವ ಮೊದಲೇ ಕೂಗಿ ಕೂಗಿ ಬಳಗವನ್ನು ಕರೆಯಿತು.

"ಅದೇಕೆ ಕೂಗುತ್ತಿದೆ, ಪಂಡಿತರೇ?" ಎಂದಿತು ಹೆಬ್ಬಾತು.

"ಹಸಿದು ಅಳುತ್ತಿದೆ ಸ್ವಾಮಿ. ಅಳುವುದೇ ಇಲ್ಲಿಯವರ ಸಂಸ್ಕೃತಿ," ಎಂದಿತು ಗೊರವಂಕ.

ಊರಿಗೆ ಹೋಗಿ ಹೇಳಲೆಂದು ಹೆಬ್ಬಾತು ಅದನ್ನೇ ಬಾಯಿಪಾಠ ಮಾಡಿಕೊಂಡಿತು.

ವಿಷಯ ತಿಳಿದ ಕಾಗೆ ಗೊರವಂಕವನ್ನು ತರಾಟೆಗೆ ತೆಗೆದುಕೊಂಡಿತು. "ಹಂಚಿ ತಿನ್ನಲು ಕರೆದರೆ ಅಳು ಎಂದಿರಾ, ಪಂಡಿತರೇ?"

"ಹಂಚುವುದಕ್ಕೆ ಅವರ ನುಡಿಯಲ್ಲಿ ಪದವಿಲ್ಲ."

"ಪದವಿಲ್ಲದಿದ್ದರೆ ಅವರನ್ನೂ ಊಟಕ್ಕೆ ಕರೆತರಬೇಕಿತ್ತು. ಒಂದು ತುತ್ತು ತಿಂದಿದ್ದರೆ ತಾನಾಗಿಯೇ ತಿಳಿಯುತ್ತಿತ್ತು."

ಗೊರವಂಕ ರೆಕ್ಕೆ ಕೊಡವಿತು. "ತಾನಾಗಿಯೇ ತಿಳಿದುಬಿಟ್ಟರೆ, ಆಮೇಲೆ ನನ್ನನ್ನು ಯಾರು ಕೇಳುತ್ತಾರೆ?"