ಒಂದೇ ವಿಮಾನ, ಒಂದೇ ದೂರ

ಶಿಷ್ಯ ಚನ್ನಮಲ್ಲ ಮಠದ ಸ್ವಾಮಿಗಳಾದ ಅಜ್ಜನವರನ್ನು ಕೇಳಿದ: “ಅಜ್ಜಾರ, ನಾನೂ ಮುರಿಗೆಯ್ಯನೂ ಒಂದೇ ದಿನ ಈ ಮಠಕ್ಕ ಬಂದ್ವಿ. ಹನ್ನೊಂದು ವರ್ಷ ಆತು. ಇಬ್ಬರದೂ ಅದೇ ಜಪ, ಅದೇ ಹೊತ್ತು, ಅದೇ ದಾಸೋಹದ ಕೆಲಸ. ಅವನ ಮನಸ್ಸು ಮೂರ ವರ್ಷದಾಗ ತಿಳಿ ಆತು. ನಂದು ಇನ್ನೂ ಕುದಿಯಾಕತ್ತೈತಿ. ನನ್ನ ಜಪ ಎಲ್ಲಿ ಸೋರಿ ಹೋಗ್ತೈತ್ರಿ? ಇನ್ನೆಷ್ಟು ಮಾಡಿದ್ರ ತುಂಬತೈತಿ?”

ಈ ಪ್ರಶ್ನೆಯ ಹಿಂದೆ ಇನ್ನೊಂದು ವಿಷಯವಿತ್ತು. ಅದು ಅಜ್ಜನವರಿಗೂ ಗೊತ್ತಿತ್ತು. ಚನ್ನಮಲ್ಲ ಮಠಕ್ಕೆ ಬರುವ ಮೊದಲು ತಾಳಿಕೋಟೆಯಲ್ಲಿರುವ ತಮ್ಮನೊಡನೆ ಜಗಳವಾಡಿ, ಆಡಬಾರದ ಮಾತು ಆಡಿ ಬಂದಿದ್ದ. ಆಮೇಲೆ ತಮ್ಮ ಮೂರು ಸಲ ಬಾ ಎಂದು ಹೇಳಿಕಳಿಸಿದ. ಸಿಟ್ಟು ಪೂರ್ತಿ ಇಳಿದ ಮೇಲೆ ಬರುತ್ತೇನೆ, ಅರ್ಧ ಸಿಟ್ಟು ಇಟ್ಟುಕೊಂಡು ಹೊಸಿಲು ತುಳಿಯಬಾರದು ಎಂದು ಚನ್ನಮಲ್ಲ ಮೂರು ಸಲವೂ ಅದೇ ಉತ್ತರ ಕೊಟ್ಟ.

ಅಜ್ಜನವರು ಅವನನ್ನು ಕೂಡಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಒಣದ್ರಾಕ್ಷಿ ವರ್ತಕನಿದ್ದ. ರೈತರಿಂದ ಕೊಂಡು, ಆರಿಸಿ, ದೆಹಲಿಗೆ ಕಳಿಸುವುದು ಅವನ ವ್ಯಾಪಾರ. ತಿಂಗಳಿಗೆ ಎರಡು ಸಲವಾದರೂ ಹೈದರಾಬಾದಿಗೆ ಹೋಗಿ ದೆಹಲಿಯ ವಿಮಾನ ಹತ್ತುತ್ತಿದ್ದ. ಕತೆಯಲ್ಲಿ ವರ್ತಕ ಬಂದ ಅಂದ ಕೂಡಲೇ ಜಿಪುಣ ಅಂದುಕೊಳ್ಳಬೇಡ. ಇವನು ಒಳ್ಳೆಯವನು. ತೂಕದಲ್ಲಿ ಮೋಸ ಮಾಡಿದವನಲ್ಲ, ಹೆಂಡತಿಯ ಮನಸ್ಸು ನೋಯಿಸಿದವನಲ್ಲ.

ಕಣ್ಣು ಮಾತ್ರ ಬಲು ಚುರುಕು. ಒಂದೇ ಬಳ್ಳಿಯ ದ್ರಾಕ್ಷಿಯನ್ನು ಬಣ್ಣ ನೋಡಿ, ಗಾತ್ರ ನೋಡಿ ನಾಲ್ಕು ರಾಶಿ ಮಾಡುತ್ತಿದ್ದ. ನಾಲ್ಕಕ್ಕೂ ನಾಲ್ಕು ದರ. ರೈತ ಬೇಜಾರು ಮಾಡಿಕೊಂಡರೆ ಅವನದು ಒಂದೇ ಮಾತು: “ಬಳ್ಳಿ ಒಂದ ಇರಬಹುದು, ಹಣ್ಣು ಒಂದ ಅಲ್ಲಪಾ.” ಮೂವತ್ತು ವರ್ಷ ಈ ಮಾತು ಹೇಳಿದ್ದ.

ಅವನ ಹೆಂಡತಿಗೆ ಒಬ್ಬಳು ಅಕ್ಕ. ತಾಯಿ ಸತ್ತ ಮೇಲೆ ತಂಗಿಗೆ ತಲೆ ಬಾಚಿ, ಉಣಿಸಿ ಬೆಳೆಸಿದವಳು. ಗಂಡನ ನೌಕರಿಯ ಬೆನ್ನು ಹತ್ತಿ ಗುವಾಹಟಿಗೆ ಹೋಗಿ ಅಲ್ಲೇ ನೆಲೆಸಿದ್ದಳು. ಅವಳ ಕಣ್ಣು ಮಬ್ಬಾಗುತ್ತ ಬಂದಿತ್ತು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇದ್ದದ್ದು ಇರುವಷ್ಟು ದಿನ ಇರುತ್ತದೆ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು. ಫೋನಿನ ಪರದೆಯಲ್ಲಿ ತಂಗಿಯ ಮುಖ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಕಾಣುವಷ್ಟರಲ್ಲಿ ಒಮ್ಮೆ ಹತ್ತಿರ ಬಂದು ಕೂತುಕೋ ಎಂದು ಅಕ್ಕ ಕೇಳಿದಳು. ತಂಗಿ ಗಂಡನಿಗೆ ಹೇಳಿದಳು.

ಗಂಡ ಕರೆದುಕೊಂಡು ಹೋಗಬೇಕೆಂದೇ ಇದ್ದ. ಅದೇ ವಾರ ವಿಮಾನದಲ್ಲಿ ಅವನ ಪಕ್ಕ ಔಷಧ ಕಂಪನಿಯವನೊಬ್ಬ ಕೂತಿದ್ದ. ಹಾರಿದ ದೂರಕ್ಕೆಲ್ಲ ಮೈಲಿ ಕೂಡುತ್ತವೆ, ಬೇಕಾದಷ್ಟು ತುಂಬಿದರೆ ವಿಮಾನದವರೇ ಪುಕ್ಕಟೆ ಟಿಕೆಟ್ ಕೊಡುತ್ತಾರೆ, ನಾನು ಹೆಂಡತಿ ಮಕ್ಕಳನ್ನು ಅಂಡಮಾನಿಗೆ ಹಾಗೇ ಕರೆದೊಯ್ದೆ ಎಂದು ಅವನು ಹೇಳಿದ. ವರ್ತಕನಿಗೆ ಇದು ದೇವರೇ ತೋರಿಸಿದ ದಾರಿ ಅನ್ನಿಸಿತು. ಹೇಗೂ ಹಾರುತ್ತಲೇ ಇದ್ದೇನೆ, ಹಾರಿದ್ದೇ ಹೆಂಡತಿಯ ಪ್ರಯಾಣವಾಗಲಿ ಎಂದುಕೊಂಡ. ಅಂದೇ ಆ ಮೈಲಿ ಯೋಜನೆಗೆ ಹೆಸರು ಬರೆಸಿದ. ಮನೆಗೆ ಬಂದು, ಮೈಲಿ ತುಂಬಲಿ, ಇಬ್ಬರೂ ಗುವಾಹಟಿಗೆ ಹೋಗೋಣ ಎಂದ. ಅವಳಿಗೂ ಸಂತೋಷವಾಯಿತು.

ಅಲ್ಲಿಂದ ಆರು ವರ್ಷ ಹಾರಿದ. ಪ್ರತಿ ಸಲವೂ ಎಲ್ಲಕ್ಕಿಂತ ಅಗ್ಗದ ಟಿಕೆಟನ್ನೇ ಹುಡುಕಿ ತೆಗೆದುಕೊಂಡ. ಯಾವ ಟಿಕೆಟಾದರೇನು, ಹಾರುವುದು ಅಷ್ಟೇ ದೂರ ತಾನೇ ಎಂಬುದು ಅವನ ಲೆಕ್ಕ. ಹೆಂಡತಿ ಅಂಗಿ ಒಗೆಯುವ ಮೊದಲು ಕಿಸೆಯಿಂದ ಬೋರ್ಡಿಂಗ್ ಪಾಸಿನ ತುಂಡು ತೆಗೆದು ಡಬ್ಬದಲ್ಲಿ ಹಾಕುತ್ತಿದ್ದಳು. ವಿಮಾನದವರ ಸಂದೇಶ ಫೋನಿಗೆ ಬರುತ್ತಿತ್ತು. ಸಣ್ಣ ಅಕ್ಷರದ ಜಾಹೀರಾತು ಎಂದು ಅವನು ಅಳಿಸಿಹಾಕುತ್ತಿದ್ದ. ಅವನ ನಂಬಿಕೆಯೆಲ್ಲ ಡಬ್ಬದ ಮೇಲೆ.

ನಡುವೆ ಒಮ್ಮೆ ಹೆಂಡತಿ, ಅಕ್ಕ ಬಾಗಿಲು ಎಂದು ಕಪಾಟು ತೆಗೆದಳಂತೆ ಎಂದಳು. ಇನ್ನೊಮ್ಮೆ, ಅಕ್ಕ ಈಗ ಬಣ್ಣ ಕೇಳಿ ಸೀರೆ ಉಡುತ್ತಾಳಂತೆ ಎಂದಳು. ವರ್ತಕ ಎರಡು ಸಲವೂ ಡಬ್ಬ ಕೆಳಗಿಳಿಸಿ ಎಣಿಸಿದ. “ಇನ್ನ ಸ್ವಲ್ಪ ತಡಿ. ಈಗ ದುಡ್ಡು ಕೊಟ್ಟು ಹೋದ್ರ ಇಷ್ಟು ದಿನ ಕೂಡಿಸಿದ್ದೆಲ್ಲಾ ಯಾತಕ್ಕ ಬಂತು?” ಎಂದ. ಅವಳು ತಾಳಿಕೊಂಡಳು. ನಮ್ಮ ಹೆಣ್ಣುಮಕ್ಕಳಿಗೆ ಅದೊಂದು ಕೆಟ್ಟ ಅಭ್ಯಾಸ.

ಆರನೆಯ ವರ್ಷದ ಕಾರ್ತಿಕದಲ್ಲಿ ಅವನ ಲೆಕ್ಕ ತುಂಬಿತು. ಡಬ್ಬವನ್ನು ಕೈಚೀಲದಲ್ಲಿಟ್ಟುಕೊಂಡು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಹೋದ. ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ನಮ್ಮ ಕಡೆಯವಳೇ. ಕಂಪ್ಯೂಟರ್ ನೋಡಿದಳು, ಡಬ್ಬ ನೋಡಿದಳು, ಇವನ ಮುಖ ನೋಡಿದಳು. ಆಮೇಲೆ ಡಬ್ಬದಿಂದ ಒಂದು ತುಂಡು ತೆಗೆದು ಅದರ ಮೂಲೆಯಲ್ಲಿದ್ದ ಒಂದೇ ಒಂದು ಅಕ್ಷರ ತೋರಿಸಿದಳು. ಪೂರ್ತಿ ದರದ ಟಿಕೆಟಿಗೆ ಒಂದು ಅಕ್ಷರ, ಅದಕ್ಕೆ ಪೂರ್ತಿ ಮೈಲಿ. ಅಗ್ಗದ ಟಿಕೆಟಿಗೆ ಬೇರೆ ಅಕ್ಷರ, ಅದಕ್ಕೆ ಕಾಲು ಭಾಗ. ಹಬ್ಬದ ರಿಯಾಯಿತಿಯ ಟಿಕೆಟಿಗೆ ಮೈಲಿಯೇ ಇಲ್ಲ. ಕೂಡಿದ್ದರಲ್ಲಿಯೂ ಮೂರು ವರ್ಷ ದಾಟಿದ್ದು ರದ್ದಾಗಿ ಹೋಗಿತ್ತು. ಉಳಿದದ್ದರಲ್ಲಿ ಗುವಾಹಟಿ ಹಾಗಿರಲಿ, ದೆಹಲಿಗೂ ಒಂದು ಟಿಕೆಟ್ ಬರುವಂತಿರಲಿಲ್ಲ.

“ಅಲ್ಲವಾ ತಂಗಿ, ಒಂದ ವಿಮಾನ, ಒಂದ ದೂರ, ಕೂತದ್ದು ಒಂದ ಸಾಲಿನಾಗ. ಬಾಜೂಕಿನವಗ ಪೂರ್ತಿ, ನನಗ ಕಾಲು?” ಎಂದ ವರ್ತಕ.

“ವಿಮಾನ ಒಂದ ಐತ್ರಿ ಕಾಕಾ, ಟಿಕೆಟ್ ಒಂದ ಅಲ್ಲ,” ಎಂದಳು ಹುಡುಗಿ.

ವರ್ತಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೂತಲ್ಲೇ ಕುಗ್ಗಿಹೋದ. ದಿನವೂ ದ್ರಾಕ್ಷಿ ಆರಿಸುವವನು ಕೈಯಲ್ಲಿದ್ದ ತುಂಡನ್ನು ಆರು ವರ್ಷ ಒಮ್ಮೆಯೂ ತಿರುವಿ ನೋಡಿರಲಿಲ್ಲ. ಹುಡುಗಿಗೆ ಪಾಪ ಅನ್ನಿಸಿತು. ನೀರು ತಂದುಕೊಟ್ಟಳು. ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳಿ ಮತ್ತೆ ಕಂಪ್ಯೂಟರ್ ನೋಡಿದಳು. ಬರುವ ಸೋಮವಾರಕ್ಕೆ ಗುವಾಹಟಿಗೆ ಎರಡು ಟಿಕೆಟ್ ಇದ್ದವು. ಅವನು ಯಾವಾಗಲೂ ಕೊಳ್ಳುತ್ತಿದ್ದ ಅದೇ ಅಕ್ಷರದವು. ಅದಕ್ಕೆ ಬೇಕಾದ ದುಡ್ಡು ಆ ಹೊತ್ತಿಗೆ ಅವನ ಕಿಸೆಯಲ್ಲಿತ್ತು. ಹೋದ ವರ್ಷವೂ ಇತ್ತು. ಅದರ ಹಿಂದಿನ ವರ್ಷವೂ ಇತ್ತು.

ಸೋಮವಾರ ಇಬ್ಬರೂ ಹೋದರು. ಅಕ್ಕ ಬಾಗಿಲಿಗೆ ಬಂದಳು. ತಂಗಿ ಎದುರಿಗೇ ನಿಂತಿದ್ದಳು. ಅಕ್ಕ ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಹುಡುಕಿದಳು. ತಂಗಿ ಆ ಕೈಗಳನ್ನು ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡಳು. ಅಕ್ಕ ಹಣೆ ಮುಟ್ಟಿದಳು, ಗಲ್ಲ ಮುಟ್ಟಿದಳು, ಕಿವಿಯ ಓಲೆ ಮುಟ್ಟಿದಳು. “ದಪ್ಪ ಆಗೀಯಲ್ಲ,” ಎಂದು ನಕ್ಕಳು. ಎಂದಿನಿಂದ ಹೀಗಾಯಿತು ಎಂದು ತಂಗಿ ಕೇಳಿದ್ದಕ್ಕೆ, “ಶ್ರಾವಣದ ತನಕ ಒಂದೀಟು ಕಾಣತಿತ್ತವಾ. ಹೇಳಿದ್ರ ನೀ ಅಳತಿದ್ದಿ,” ಎಂದಳು.

ಮೂರೇ ತಿಂಗಳು ತಡವಾಗಿತ್ತು.

ನಾಲ್ಕು ದಿನ ಅಕ್ಕತಂಗಿಯರು ಒಂದೇ ಹಾಸಿಗೆಯಲ್ಲಿ ಮಲಗಿದರು, ಒಂದೇ ತಟ್ಟೆಯಲ್ಲಿ ಉಂಡರು, ನಕ್ಕರು ಕೂಡ. ಸುಖವಾಗಿಯೇ ಇದ್ದರು. ವರ್ತಕ ಮಾತ್ರ ಯಾರ ಮುಖವನ್ನೂ ನೋಡಲಾರದೆ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಮರಳಿ ಬರುವಾಗ ವಿಮಾನದಲ್ಲಿ ಅವನು ಹೆಂಡತಿಗೆ, “ನಿನ್ನ ಸಲುವಾಗೇ ಕೂಡಿಸಿದ್ನಿ,” ಎಂದ.

“ಗೊತ್ತೈತ್ರಿ,” ಎಂದಳು ಅವಳು. “ಆದ್ರ ಪುಕ್ಕಟೆ ಕರಕೊಂಡು ಹೋಗ್ರಿ ಅಂತ ನಾ ಯಾವಾಗ ಕೇಳೀನ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಅವನ ಕೈ ಹಿಡಿದುಕೊಂಡಳು. ವಿಮಾನ ಇಳಿಯುವ ತನಕ ಆ ಬಡಪಾಯಿ ಅತ್ತ.

ಅಜ್ಜನವರು ಕತೆ ಇಲ್ಲಿಗೆ ನಿಲ್ಲಿಸಿದರು. ವರ್ತಕನ ನೆನಪಿಗೆ ಅವರ ಕಣ್ಣೂ ಒದ್ದೆಯಾಗಿತ್ತು. ಚನ್ನಮಲ್ಲನಿಗೆ ಕತೆಯ ಅರ್ಥ ತನಗೆ ಸಿಕ್ಕಿತು ಅನ್ನಿಸಿತು.

“ಅಂದ್ರ ಅಜ್ಜಾರ, ಮುರಿಗೆಯ್ಯನ ಜಪ ಪೂರ್ತಿ ಅಕ್ಷರದ್ದು, ನಂದು ಕಾಲು ಭಾಗದ್ದು. ಹಂಗಾದ್ರ ನಂದು ತುಂಬಾಕ ಇನ್ನೆಷ್ಟು ವರ್ಷ ಬೇಕ್ರಿ?”

ಅಜ್ಜನವರು ಹೇಳಿದರು: “ತಾಳಿಕೋಟಿಗೆ ಮುಂಜಾನೆ ಆರಕ್ಕ ಒಂದು ಬಸ್ ಐತಿ, ಸಿಟ್ಟಿದ್ದವರಿಗೂ ಅದರಾಗ ಟಿಕೆಟ್ ಕೊಡ್ತಾರ.”